ಬೆಳಕು ಸಾಲದ ಬ್ಯಾಟರಿಗಳು

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎಂದೇ ಹೆಸರು. ಅದರ ಹೊಟ್ಟೆಯೊಳಗೆ ಹಾಕುವುದಕ್ಕೆ ಶೆಲ್ ಎನ್ನುತ್ತೇವೆ. ಈ ಬ್ಯಾಟರಿಯ ವಿಷಯದಲ್ಲಿ ಬಾಳೂರಿನಿಂದ ಜಾವಳಿಯವರೆಗೆ ನನ್ನಷ್ಟು ತಿಳಿದವರು ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹಾಗೆ ನಂಬಿದವನು ನಾನೊಬ್ಬನೇ ಆಗಿದ್ದರೆ ಚಿಂತೆಯಿರಲಿಲ್ಲ. ಹೊಸ ಬ್ಯಾಟರಿ ಕೊಳ್ಳುವ ಸುತ್ತಲಿನವರೆಲ್ಲ ಮೊದಲು ನಮ್ಮ ಅಂಗಳಕ್ಕೆ ಬಂದು, ಕಾಫಿ ಕುಡಿದು, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿ ಹೋಗುತ್ತಿದ್ದರು. ನಾನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, ಉಪನ್ಯಾಸ ಕೊಡುತ್ತಿದ್ದೆ. ಆ ಉಪನ್ಯಾಸ ಕೊಡುತ್ತಿದ್ದಾಗ ಎದುರಿಗೆ ಕೂತವರ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದನ್ನು ಈಗ ಹೇಳಿಕೊಳ್ಳಬಹುದು.

ಪಾಂಡಿತ್ಯ ಬಂದದ್ದು ಹೆಂಡತಿಯ ಕೆಲಸದ ದೆಸೆಯಿಂದ. ತೊಂಬತ್ತರ ದಶಕದ ನಡುವಿನಲ್ಲಿ ಅವಳಿಗೆ ಕಳಸದ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಬೆಳಗಿನ ಬಸ್ಸಿನ ಚಿಂತೆ ಇರಲಿಲ್ಲ. ಸಂಜೆಯ ಬಸ್ಸು ನಮ್ಮ ತಿರುವಿಗೆ ಬರುವ ಹೊತ್ತಿಗೆ ಮಾತ್ರ ಕತ್ತಲಾಗಿರುತ್ತಿತ್ತು. ರಸ್ತೆಯಿಂದ ನಮ್ಮ ಮನೆಗೆ ಕಾಫಿ ತೋಟದೊಳಗಿನ ಕಾಲುದಾರಿ. ಮೊದಲು ಇಳಿಜಾರು, ಆಮೇಲೆ ಹಳ್ಳ, ಹಳ್ಳದ ಮೇಲೆ ಮರದ ದಿಮ್ಮಿಗಳನ್ನು ಜೋಡಿಸಿದ ಸಂಕ, ಅದನ್ನು ದಾಟಿದರೆ ಏರು. ಹಳ್ಳಕ್ಕೆ ನೀರು ಕುಡಿಯಲು ಕಾಟಿಗಳು ಬರುತ್ತಿದ್ದವು. ಕಾಡುಕೋಣಕ್ಕೆ ಕಾಟಿ ಎಂದು ಚಿಕ್ಕ ಹೆಸರಿಟ್ಟು ಕರೆದರೂ ಅದರ ಗಾತ್ರವೇನೂ ಕಡಿಮೆಯಾಗುವುದಿಲ್ಲ.

ಪಕ್ಕದ ತೋಟದಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಮನೆತನದ ವಿಷಯಗಳಲ್ಲಿ ಕೊನೆಯ ಮಾತು ಅವರದು. ಮೊದಲ ಮಾತೂ ಅವರದೇ. ಕೆಲಸದ ಸುದ್ದಿ ಕೇಳಿದ ದಿನವೇ ಬಂದರು.

"ತೋಟ ಇರೋ ಮನೆ ಹೆಂಗಸ್ರು ಕತ್ತಲಲ್ಲಿ ಬಸ್ಸಿಳಿದು ಕಾಟಿ ಜೊತೆ ನಡ್ಕೊಂಡು ಬರೋದಾ? ಎಂತಕ್ಕೆ ಮಾರಾಯ ಈ ಕೆಲಸ?" ಎಂದರು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಲೆಕ್ಕ ಹೇಳಿಕೊಡುವುದೆಂದರೆ ಪ್ರಾಣ. ಮನೆಗೆ ಬಂದ ನೆಂಟರ ಮಕ್ಕಳನ್ನು ಕೂರಿಸಿಕೊಂಡು, ಕಾಫಿ ಬೀಜ ಹರಡಿ ಭಿನ್ನರಾಶಿ ಕಲಿಸುತ್ತಿದ್ದವಳು. ಅವಳು ನನ್ನನ್ನು ನೋಡಿದಳು. ನನಗೆ ಆಗ ದಪ್ಪ ಮೀಸೆ ಇತ್ತು. ಮಾತಿಗೂ ಸ್ವಲ್ಪ ಮೀಸೆ ಇತ್ತು.

"ದಿನಾ ನಾನೇ ಬ್ಯಾಟ್ರಿ ಹಿಡ್ಕೊಂಡು ಬಸ್ಸಿಗೆ ಹೋಗ್ತೀನಿ ದೊಡ್ಡಪ್ಪ. ನನ್ನಿಂದ ಆಗದಿದ್ದ ದಿನ ಅವಳು ಕೆಲ್ಸ ಬಿಡ್ಲಿ," ಎಂದುಬಿಟ್ಟೆ.

ದೊಡ್ಡಪ್ಪ ಅದನ್ನು ಕೇಳಿಸಿಕೊಂಡರು. ಅವರು ಕೇಳಿಸಿಕೊಂಡದ್ದನ್ನು ಮರೆಯುವ ಜಾತಿಯವರಲ್ಲ. ಅಂದಿನಿಂದ ಅವಳ ಕೆಲಸ ನನ್ನ ಕೈಯ ಬ್ಯಾಟರಿಗೆ ನೇತುಬಿತ್ತು.

ಮೊದಲ ಬ್ಯಾಟರಿ ಸ್ಟೀಲಿನದು, ಮೂರು ಶೆಲ್ ಹಾಕುವಂಥದ್ದು. ಶೆಲ್ ಸುಸ್ತಾದರೆ ಬಿಸಿಲಿಗಿಡುವುದು, ಬಿಸಿಲಿಲ್ಲದಿದ್ದರೆ ಒಲೆಕಟ್ಟೆಯ ಮೇಲಿಡುವುದು, ಎರಡೂ ಆಗದಿದ್ದರೆ ತೊಡೆಗೆ ಕುಟ್ಟುವುದು. ಇವೆಲ್ಲ ಎಲ್ಲರಿಗೂ ಗೊತ್ತಿದ್ದ ಮನೆಮದ್ದುಗಳು. ಸಂಜೆ ತಿರುವಿನಲ್ಲಿ ನನ್ನ ಹಾಗೆಯೇ ನಾಲ್ಕಾರು ಗಂಡಸರು ಬ್ಯಾಟರಿ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಬಸ್ಸಿನ ಸದ್ದು ಕೇಳಿದ ಕೂಡಲೇ ಒಬ್ಬರು ಬೆಳಕನ್ನು ರಸ್ತೆಗೆ ಅಡ್ಡ ಬೀಸಬೇಕು, ಡ್ರೈವರ್ ನಿಲ್ಲಿಸುತ್ತಿದ್ದ. ಬೀಸುವ ಅಧಿಕಾರ ಯಾರ ಬ್ಯಾಟರಿ ಚೆನ್ನಾಗಿದೆಯೋ ಅವರದು. ಬಹಳ ದಿನ ಅದು ನನ್ನದಾಗಿತ್ತು, ಅದಕ್ಕೆ ನಾನು ಪಟ್ಟಾಭಿಷೇಕವಾದವನಂತೆ ಬೀಗುತ್ತಿದ್ದೆ.

ಇನ್ನೊಂದು ಪದ್ಧತಿ ಇತ್ತು. ಕತ್ತಲ ದಾರಿಯಲ್ಲಿ ಎದುರಿಗೆ ಯಾರಾದರೂ ಬಂದರೆ ಅವರ ಮುಖಕ್ಕೆ ಬೆಳಕು ಬಿಡಬಾರದು. ಬ್ಯಾಟರಿಯನ್ನು ತಗ್ಗಿಸಿ, ತನ್ನದೇ ಕಾಲ ಮೇಲೆ ಬೆಳಕು ಬಿಟ್ಟುಕೊಂಡು, "ನಾನು" ಎನ್ನಬೇಕು. ಅವರೂ ಹಾಗೇ ಮಾಡುತ್ತಾರೆ. ಪಂಚೆಯ ಅಂಚು, ಚಪ್ಪಲಿ, ನಿಲ್ಲುವ ರೀತಿ ನೋಡಿ ಯಾರೆಂದು ತಿಳಿಯುತ್ತದೆ. ಮುಖಕ್ಕೆ ಬಿಡುವುದು ಮೊಲದ ಬೇಟೆಗೆ ಹೋದವರು ಮೊಲಕ್ಕೆ ಮಾಡುವ ಮರ್ಯಾದೆ, ಮನುಷ್ಯರಿಗೆ ಅಲ್ಲ.

ಆಮೇಲೆ ಚಾರ್ಜ್ ಮಾಡುವ ಬ್ಯಾಟರಿಗಳು ಬಂದವು. ನಾನು ತಂದ ಮೊದಲನೆಯದು ಇಟ್ಟಿಗೆಯಷ್ಟು ತೂಕವಿತ್ತು, ಹಿಡಿದು ನಡೆದರೆ ಒಂದು ಭುಜ ಇಳಿಯುತ್ತಿತ್ತು. ಹೆಂಡತಿ ಅದನ್ನು ಕೈಯಲ್ಲಿ ಎತ್ತಿ ನೋಡಿ, "ಕಾಟಿ ಬಂದ್ರೆ ಇದ್ರಲ್ಲೇ ಹೊಡೀಬಹುದು," ಎಂದಳು. ಬೆಳಕೇನೋ ಧಾರಾಳವಾಗಿತ್ತು. ಆದರೆ ಚಾರ್ಜ್ ಆಗಬೇಕಲ್ಲ. ನಮ್ಮಲ್ಲಿ ಕರೆಂಟು ಇರುವುದು ಬೇರೆ, ವೋಲ್ಟೇಜ್ ಇರುವುದು ಬೇರೆ. ಸಂಜೆಯಾದರೆ ಬಲ್ಬಿನ ಒಳಗಿನ ತಂತಿ ಕೆಂಪಗಾಗುತ್ತಿತ್ತೇ ಹೊರತು ಬೆಳಕು ಬೀಳುತ್ತಿರಲಿಲ್ಲ. ಬಲ್ಬು ಉರಿಯುತ್ತಿದೆಯೇ ಎಂದು ನೋಡಲು ಸೀಮೆಎಣ್ಣೆ ದೀಪ ಹಚ್ಚಬೇಕು ಎಂಬುದು ನಮ್ಮ ಊರಿನ ಹಳೆಯ ತಮಾಷೆ.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷಕ್ಕೆ ಬೆಳಕು ಇನ್ನೂ ಕಡಿಮೆಯಾಗತೊಡಗಿತು. ದಾರಿಯ ಬೇರು, ಕಲ್ಲು ಒಂದಕ್ಕೊಂದು ಕಲಸಿಹೋದವು. ಬ್ಯಾಟರಿ ಚಾರ್ಜ್ ಆಗಿಲ್ಲ ಎಂದುಕೊಂಡೆ. ಚಾರ್ಜ್ ಯಾಕೆ ಆಗಿಲ್ಲ? ವೋಲ್ಟೇಜ್ ಇಲ್ಲ. ವೋಲ್ಟೇಜ್ ಇಲ್ಲದ ಊರಿನಲ್ಲಿ ಇದರಷ್ಟು ನೇರವಾದ ತರ್ಕ ಬೇರೆ ಇಲ್ಲ. ಲೈನ್‌ಮನ್ನನ್ನು ಕಂಡಾಗಲೆಲ್ಲ ಜಗಳವಾಡಿದೆ. ಓದುವವರಿಗೆ ಈಗಾಗಲೇ ವಿಷಯ ಹೊಳೆದಿರುತ್ತದೆ. ನನಗೆ ಹೊಳೆಯಲು ಇನ್ನೂ ಒಂದೆರಡು ಬ್ಯಾಟರಿ ಬೇಕಾದವು.

ಮೂಡಿಗೆರೆಯಲ್ಲಿ ನಮ್ಮ ಪರಿಚಯದ ಒಂದು ಅಂಗಡಿ ಇತ್ತು. ಹಣೆಗೆ ಅಗಲವಾಗಿ ವಿಭೂತಿ ಹಚ್ಚುವ ಯಜಮಾನರು ಗೊಬ್ಬರ, ಹಗ್ಗ, ಗರಗಸದ ಜೊತೆ ಬ್ಯಾಟರಿಗಳನ್ನೂ ಮಾರುತ್ತಿದ್ದರು. ಹಗಲು ಹೊತ್ತು ಬ್ಯಾಟರಿ ಪರೀಕ್ಷಿಸುವುದು ಸುಲಭವಲ್ಲ. ಸಾಮಾನ್ಯ ಗಿರಾಕಿ ಅಂಗೈಯನ್ನು ಬಟ್ಟಲು ಮಾಡಿಕೊಂಡು ಅದರೊಳಗೆ ಬೆಳಕು ಬಿಟ್ಟು ನೋಡಿ ತೃಪ್ತನಾಗುತ್ತಾನೆ. ನಾನು ಪಂಡಿತ. ಅಂಗಡಿಯ ಹಿಂದಿನ ಗೊಬ್ಬರದ ಕೋಣೆಗೇ ನಡೆದೆ. ಯಜಮಾನರು ಬಾಗಿಲು ಮುಚ್ಚಿಕೊಂಡರು. ಇಬ್ಬರು ಸಂಸಾರಸ್ಥರು ಯೂರಿಯಾ ಮೂಟೆಗಳ ನಡುವೆ ಕತ್ತಲಲ್ಲಿ ನಿಂತು, ಒಂದಾದ ಮೇಲೊಂದು ಬ್ಯಾಟರಿಯನ್ನು ಗೋಡೆಗೆ ಬಿಟ್ಟು ನೋಡಿದೆವು.

"ಇದು ಸಾಲದು," ಎಂದೆ.

"ಸಾಲದಾ?"

"ಅದೂ ಸಾಲದು. ಮಬ್ಬು."

"ನನ್ನ ಕಣ್ಣು ಕುಕ್ತಾ ಇದೆಯಲ್ಲ ಮಾರಾಯ್ರೆ!" ಎಂದರು ಅವರು, ಕೈ ಅಡ್ಡ ಹಿಡಿದು.

ಪಾಪ, ವಯಸ್ಸಾಯಿತು, ಕಣ್ಣು ಸೂಕ್ಷ್ಮವಾಗಿದೆ ಎಂದು ನಾನು ಅವರ ಬಗ್ಗೆ ಮರುಗಿದೆ. ಇದ್ದುದರಲ್ಲಿ ಅತಿ ಪ್ರಖರವಾದದ್ದನ್ನು ಆರಿಸಿಕೊಂಡು ಬಂದೆ.

ಈ ಆರಿಸುವ ಕೆಲಸದಲ್ಲೇ ನನ್ನ ಶಾಸ್ತ್ರ ಬೆಳೆಯಿತು. ಬ್ಯಾಟರಿ ಕೋಟಿನ ಜೇಬಿನಲ್ಲಿ ಹಿಡಿಸಬೇಕು. ಕೆಳಗಿಟ್ಟರೆ ಉರುಳಬಾರದು, ಅದಕ್ಕೆ ತಲೆ ಗುಂಡಗಿರಬಾರದು. ಸ್ವಿಚ್ಚು ಹೆಬ್ಬೆರಳಿಗೆ ತಾನಾಗಿ ಸಿಗಬೇಕು, ಇನ್ನೊಂದು ಕೈಯಲ್ಲಿ ಹೆಂಡತಿಯ ಚೀಲ ಇರುತ್ತದೆ. ಪ್ಲಗ್ಗಿನ ಕಡ್ಡಿಗಳು ಒಳಗೆ ಮಡಚಿಕೊಳ್ಳಬೇಕು. ದೂರ ಹೋಗುವ ಬೆಳಕು ಕಾಟಿಗೆ, ಹರಡುವ ಬೆಳಕು ಕಾಲಿಗೆ. ನಿಮಗೆ ಯಾವುದರ ಭಯ ಹೆಚ್ಚು ಎಂದು ಮೊದಲು ತೀರ್ಮಾನಿಸಿ. ಮಂಜಿನಲ್ಲಿ ಬಿಳಿ ಬೆಳಕು ಗೋಡೆಯಾಗಿ ನಿಲ್ಲುತ್ತದೆ, ಹಳದಿ ಬೆಳಕು ಒಳಗೆ ಹೋಗುತ್ತದೆ. ಇವೆಲ್ಲ ಈಗಲೂ ಸರಿಯಾದ ಮಾತುಗಳೇ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಗೆ ನಾನು ಒಳ್ಳೆಯ ಉದಾಹರಣೆಯಾಗಿದ್ದೆ ಅಷ್ಟೆ.

ಒಂದು ಸಂಜೆ ಬಸ್ಸಿಗೆ ಹೋಗುವಾಗ ಎದುರಿಗೆ ಹೆಜ್ಜೆಯ ಸದ್ದಾಯಿತು. ಒಂದು ಬಿಳಿಯ ಮುದ್ದೆ ಬಿಟ್ಟರೆ ಏನೂ ಕಾಣಲಿಲ್ಲ. ಕಾಟಿಯೋ ಮನುಷ್ಯನೋ ತಿಳಿಯದೆ ಬ್ಯಾಟರಿ ಎತ್ತಿ ನೇರವಾಗಿ ಬಿಟ್ಟೆ.

"ಯಾರೋ ಅದು! ಮುಖಕ್ಕೆ ಬಿಡ್ತೀಯಲ್ಲ, ನಾನೇನು ಮೊಲವಾ?"

ದೊಡ್ಡಪ್ಪ. ಬ್ಯಾಟರಿಯನ್ನು ಥಟ್ಟನೆ ತಗ್ಗಿಸಿದೆ.

"ಕಾಲ ಮೇಲೆ ಬೆಳಕು ಬಿಟ್ಕೊಂಡು ಆಗಿಂದ ನಿಂತಿದೀನಿ. ಕಾಣೋದಿಲ್ವಾ ನಿಂಗೆ?"

"ಮಂಜು ದೊಡ್ಡಪ್ಪ."

ಅವರು ತಲೆಯೆತ್ತಿದ್ದು ದನಿಯಲ್ಲೇ ತಿಳಿಯಿತು. "ಎಂತ ಮಂಜು? ಆಕಾಶದ ತುಂಬ ನಕ್ಷತ್ರ ಇದೆ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನೋಡು, ನಿನ್ನಿಂದ ಆಗದಿದ್ರೆ ಅವಳಿಗೆ ಹೇಳು, ಕೆಲ್ಸ ಬಿಡ್ಲಿ. ನಾನು ಹೇಳಿದ್ದಲ್ಲ, ನೀನೇ ಆಡಿದ ಮಾತು."

ಅಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಮಕ್ಕಳು ಎರಡಂಕಿಯ ಭಾಗಾಕಾರ ಕಲಿತರೆಂದು ಬಸ್ಸಿನಿಂದ ನಗುತ್ತ ಇಳಿಯುವವಳಿಗೆ ಇದನ್ನು ಹೇಗೆ ಹೇಳುವುದು? ಹೇಳಲಿಲ್ಲ. ಮರುವಾರ ಮೂಡಿಗೆರೆಗೆ ಹೋಗಿ ಇನ್ನೊಂದು ಬ್ಯಾಟರಿ ತಂದೆ. ಆಗತಾನೆ ಬಂದಿದ್ದ ಎಲ್‌ಇಡಿಯದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ನೀರಿಗೆ ಬಿದ್ದರೂ ಕೆಡುವುದಿಲ್ಲ, ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ಹೆಚ್ಚು ಬೆಳಕು. ಅದನ್ನು ಹಚ್ಚಿದರೆ ನನಗೆ ಲೋಕವೆಲ್ಲ ಒಂದು ಬಿಳಿಯ ಹೊಳಪಾಗುತ್ತಿತ್ತು. ಬೆಳಕು ಎಂದರೆ ಹೀಗಿರಬೇಕು ಎಂದುಕೊಂಡೆ. ಏನೂ ಕಾಣುವುದಿಲ್ಲ ಎಂಬುದು ಸಣ್ಣ ಕೊರತೆ.

ಆ ದಿನಗಳಲ್ಲಿ ಹೆಂಡತಿಯಲ್ಲೂ ಒಂದು ಬದಲಾವಣೆ ಕಂಡೆ. ಮಿತಭಾಷಿಯಾದವಳು ದಾರಿಯುದ್ದಕ್ಕೂ ಮಾತನಾಡತೊಡಗಿದಳು. ನನಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತ, ಹೆಡ್‌ಮಾಸ್ಟರ ಜಿಪುಣತನ, ಹೊರನಾಡಿಗೆ ಹೋಗುವ ಯಾತ್ರಿಕರಿಂದ ಬಸ್ಸಿನಲ್ಲಿ ಸೀಟು ಸಿಗದ್ದು, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲ ಹೇಳುತ್ತಿದ್ದಳು. ನಡುನಡುವೆ, "ಈ ಬೇರು ಎಷ್ಟು ಎದ್ದಿದೆ ನೋಡಿ," "ಇಲ್ಲಿ ಯಾರು ಕಲ್ಲು ತಂದಿಟ್ರೋ," "ಸಂಕ ಬಂತಲ್ಲ, ಎಡಗಡೆ ದಿಮ್ಮಿ ಅಲ್ಲಾಡ್ತಿದೆ," ಎನ್ನುತ್ತಿದ್ದಳು. ಪಾಪ, ಕತ್ತಲಿಗೆ ಹೆದರಿದ್ದಾಳೆ, ಧೈರ್ಯಕ್ಕೆ ಮಾತಾಡುತ್ತಾಳೆ ಎಂದು ನಾನು ಎದೆ ಸ್ವಲ್ಪ ಮುಂದೆ ಮಾಡಿ ನಡೆಯುತ್ತಿದ್ದೆ.

ಫೆಬ್ರವರಿಯ ಒಂದು ಸಂಜೆ ಬ್ಯಾಟರಿಯ ಬೆಳಕು ಬಿಟ್ಟಾಗ ದಾರಿಯ ಎರಡೂ ಬದಿಯ ಕಾಫಿ ಗಿಡಗಳು ಬೆಳ್ಳಗೆ ಕಂಡವು. ನನಗೆ ಖುಷಿ ತಡೆಯಲಾಗಲಿಲ್ಲ.

"ನೋಡೇ, ಹೂ ಆಗಿದೆ!" ಎಂದೆ.

ಅವಳು ನಿಂತಳು. ಕಾಫಿ ಹೂವಾಗಲು ಮೊದಲು ಒಂದು ಮಳೆ ಬೀಳಬೇಕೆಂಬುದು ನಮ್ಮಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆ ವರ್ಷ ಒಂದು ಹನಿಯೂ ಬಿದ್ದಿರಲಿಲ್ಲ. ನಾನು ಕಾಫಿ ಬೆಳೆಗಾರ, ಅಜ್ಜನ ಕಾಲದಿಂದ. ಅವಳು ನನ್ನ ತೋಳು ಹಿಡಿದುಕೊಂಡು ನಡೆಸಿದಳು. ಪ್ರೀತಿ ಬಂತು ಎಂದುಕೊಂಡೆ.

ಹಾಗೆ ತೋಳು ಹಿಡಿದುಕೊಂಡವಳ ಕೈಯನ್ನು ಸಂಕದ ಹತ್ತಿರ ಬಿಡಿಸಿಕೊಂಡು, "ನೀನು ಹಿಂದೆ ಬಾ, ನಾನು ಬೆಳಕು ತೋರಿಸ್ತೀನಿ," ಎಂದು ಮುಂದಾದೆ. ದಿಮ್ಮಿ ಇದೆ ಎಂದು ನಾನು ಕಾಲಿಟ್ಟ ಕಡೆ ಗಾಳಿ ಇತ್ತು. ಹಳ್ಳದಲ್ಲಿ ಮೊಣಕಾಲುದ್ದದ ನೀರು, ಅಡಿಯಲ್ಲಿ ಕೆಸರು. ಮೂಳೆ ಮುರಿಯಲಿಲ್ಲ, ಮರ್ಯಾದೆ ಮಾತ್ರ ಪೂರ್ತಿ ನೆನೆಯಿತು. ಕೈಯಲ್ಲಿದ್ದ ಬ್ಯಾಟರಿ ಜಾರಿತು.

"ಬ್ಯಾಟ್ರಿ ಹೋಯ್ತು!" ಎಂದು ಕೂಗಿದೆ. ನೀರೊಳಗೆ ಕೈಯಾಡಿಸಿದೆ. ಕೆಸರು, ಎಲೆ, ಮತ್ತೆ ಕೆಸರು.

"ಅಲ್ಲೇ ಇದೆಯಲ್ರೀ," ಎಂದಳು ಮೇಲಿನಿಂದ.

"ಎಲ್ಲಿ?"

"ನಿಮ್ಮ ಬಲಗಾಲ ಪಕ್ಕ. ಉರೀತಾ ಇದೆ."

ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನೀರಿಗೆ ಬಿದ್ದರೂ ಅದು ಕೆಟ್ಟಿರಲಿಲ್ಲ. ನನ್ನ ಕಾಲ ಬುಡದಲ್ಲೇ ಪೂರ್ತಿ ಬೆಳಕಾಗಿ ಉರಿಯುತ್ತಿತ್ತಂತೆ. ನನಗೆ ಹಳ್ಳವೆಲ್ಲ ಒಂದೇ ಸಮನೆ ಬೆಳ್ಳಗೆ ಹೊಳೆಯುತ್ತಿತ್ತು. ಉರಿಯುವ ದೀಪವನ್ನು ನಾನು ತಡಕಾಡಿ ಹುಡುಕುತ್ತಿದ್ದೆ, ಅದೂ ತಪ್ಪು ಜಾಗದಲ್ಲಿ. ನಾನು ನಗತೊಡಗಿದೆ. ಅವಳು ನಗಲಿಲ್ಲ. ಸೀರೆ ಎತ್ತಿಕಟ್ಟಿ ಹಳ್ಳಕ್ಕಿಳಿದು, ಬ್ಯಾಟರಿ ಎತ್ತಿಕೊಂಡು, ನನ್ನ ಕೈ ಹಿಡಿದು ದಡ ಹತ್ತಿಸಿದಳು. ದಡದಲ್ಲಿ ಕೂತು ಅತ್ತುಬಿಟ್ಟಳು.

"ನಾಳೆ ಚಿಕ್ಕಮಗಳೂರಿಗೆ ಹೋಗೋಣ. ಕಣ್ಣು ತೋರ್ಸೋಣ."

"ವೋಲ್ಟೇಜ್..." ಎಂದೆ.

"ವೋಲ್ಟೇಜ್ ಇಲ್ದೇ ಇರೋದು ನಿಮ್ಮ ಕಣ್ಣಿಗೆ!"

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಕಣ್ಣಿಗೆ ಅವರು ಹಿಡಿದದ್ದೂ ಒಂದು ಪುಟ್ಟ ಬ್ಯಾಟರಿಯೇ. ಅದರ ಬಗ್ಗೆ ವಿಚಾರಿಸಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಎಷ್ಟು ದಿನದಿಂದ ಮಬ್ಬು ಎಂದು ಅವರು ನನ್ನನ್ನು ಕೇಳಿದರು. "ಹೋದ ಸಲದ ಕಾಫಿ ಕುಯ್ಲಿಂದ," ಎಂದು ಉತ್ತರ ಕೊಟ್ಟದ್ದು ಹೆಂಡತಿ. ಎರಡು ಕಣ್ಣಿಗೂ ಪೊರೆ, ಜೊತೆಗೆ ಯಾರೂ ಪರೀಕ್ಷಿಸದೆ ಬಿಟ್ಟಿದ್ದ ಸಕ್ಕರೆ ಕಾಯಿಲೆ. ಪೊರೆ ಇರುವಾಗ ಬೆಳಕು ಹೆಚ್ಚಾದಷ್ಟೂ ಕಣ್ಣೊಳಗೆ ಚೆದುರಿ, ಕಾಣುವುದು ಕಡಿಮೆಯಾಗುತ್ತದೆ ಎಂದು ವಿವರಿಸಿದರು. ನಾನು ಒಂದೊಂದಾಗಿ ಆರಿಸಿ ತಂದ ಬ್ಯಾಟರಿಗಳೆಲ್ಲ ನೆನಪಾದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳು ನೆಲವನ್ನಾದರೂ ಬದಲಾಯಿಸಲು ಹೋಗಲಿಲ್ಲ, ನಾನು ಅದನ್ನೂ ಮಾಡಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದೆ. "ನಿಂಗೆ ಇಷ್ಟು ದಿನದಿಂದ ಗೊತ್ತಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?"

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಹೇಳಿದ್ರೆ ದೊಡ್ಡಪ್ಪಂಗೆ ಗೊತ್ತಾಗ್ತಿತ್ತು. ನಿಮ್ಮಿಂದ ಆಗದಿದ್ದ ದಿನ ನನ್ನ ಕೆಲ್ಸ ಹೋಗುತ್ತೆ ಅಂತ ನೀವೇ ಹೇಳಿ ಬಿಟ್ಟಿದ್ರಲ್ಲ. ಅದಕ್ಕೇ ಮಾತಾಡ್ತಾ ಮಾತಾಡ್ತಾ ದಾರಿ ದಾಟಿಸ್ತಿದ್ದೆ. ನಿನ್ನೆ ಬಿದ್ರಲ್ಲ, ಆಗ ಕೆಲ್ಸ ಹಾಳಾಗಿ ಹೋಗ್ಲಿ ಅನ್ನಿಸ್ತು."

ನನ್ನ ಮೀಸೆಯ ಮಾತು ಅವಳ ಬಾಯಿ ಕಟ್ಟಿಹಾಕಿತ್ತು.

ಸಕ್ಕರೆ ಹತೋಟಿಗೆ ಬಂದ ಮೇಲೆ ಒಂದು ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿ ಮನೆಯಲ್ಲಿ ಕೂತಿರಬೇಕು, ದೂಳಿಗೆ ಹೋಗಬಾರದು, ಬಗ್ಗಬಾರದು. ಅಲ್ಲಿಯವರೆಗೆ ಶಾಲೆಗೆ ರಜ ಹಾಕಿದ್ದ ಹೆಂಡತಿ ಮುಂದಿನ ಸೋಮವಾರ ಬೆಳಗ್ಗೆ ಮೊಳೆಗೆ ನೇತುಹಾಕಿದ್ದ ಬ್ಯಾಟರಿ ತೆಗೆದು, ಒಮ್ಮೆ ಹಚ್ಚಿ ಆರಿಸಿ, ಊಟದ ಡಬ್ಬಿಯ ಪಕ್ಕ ಚೀಲದೊಳಗಿಟ್ಟುಕೊಂಡು ಹೊರಟಳು. "ಬರ್ತೀನಿ," ಎಂದಳು, ಅಷ್ಟೇ.

ಸಂಜೆ ದೊಡ್ಡಪ್ಪ ಬಂದರು. ನನ್ನ ಕಣ್ಣಿನ ಯೋಗಕ್ಷೇಮ ಕೇಳಲು ಎಂದರು. ಜಗಲಿಯಲ್ಲಿ ದಾರಿಗೆ ಮುಖ ಮಾಡಿ ಕೂತ ರೀತಿಯಲ್ಲೇ ಗೊತ್ತಾಯಿತು, ಬೇರೆ ಲೆಕ್ಕಕ್ಕೆ ಬಂದಿದ್ದಾರೆ ಎಂದು. ಇಬ್ಬರೂ ಕಾದೆವು. ಕತ್ತಲಾಯಿತು. ದೂರದಲ್ಲಿ ಬಸ್ಸು ನಿಂತ ಸದ್ದು ಕೇಳಿಸಿತು, ಹೊರಟ ಸದ್ದು ಕೇಳಿಸಿತು. ನಾನು ಕನ್ನಡಕ ತೆಗೆದೆ. ತೆಗೆಯಬಾರದಿತ್ತು, ತೆಗೆದೆ.

ಎದುರಿನ ಇಳಿಜಾರಿನಲ್ಲಿ ಕಾಫಿ ಗಿಡಗಳ ಸಂದಿಯಲ್ಲಿ ಒಂದು ಬೆಳಕು ಕಂಡಿತು. ಮುದ್ದೆಯಲ್ಲ, ಚೂಪಾದ ಒಂದು ಚುಕ್ಕಿ. ಇಳಿಯಿತು. ಸಂಕದ ಹತ್ತಿರ ಬಂದು ನಿಂತಿತು. ಹಳ್ಳದ ಮೇಲಕ್ಕೆ, ಕೆಳಕ್ಕೆ ಒಮ್ಮೆ ಬೆಳಕು ಬಿಟ್ಟು ಕಾಟಿ ಇದೆಯೇ ನೋಡಿತು. ಆಮೇಲೆ ಒಂದು ಸಲವೂ ಅಲ್ಲಾಡದೆ ದಾಟಿತು. ಏರು ಹತ್ತಿತು. ಅಂಗಳದ ಅಂಚಿಗೆ ಬಂದು, ಪದ್ಧತಿಯಂತೆ ತಗ್ಗಿ, ಅವಳ ಸೀರೆಯ ಅಂಚಿನ ಮೇಲೆ, ದೂಳು ಹಿಡಿದ ಚಪ್ಪಲಿಯ ಮೇಲೆ ಬಿತ್ತು.

"ನಾನು," ಎಂದಳು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಏನೋ ಹೇಳುತ್ತಾರೆಂದು ನಾನು ಎದ್ದು ನಿಂತೆ.

"ಕೊಡಿಲ್ಲಿ ಅದನ್ನ, ನೋಡಾಣ," ಎಂದು ಬ್ಯಾಟರಿ ಈಸಿಕೊಂಡು ತಿರುಗಿಸಿ ನೋಡಿದರು. "ಚೆನ್ನಾಗಿದೆ. ಮೂಡಿಗೆರೆಗೆ ಹೋದಾಗ ನಂಗೂ ಒಂದು ತರ್ಸು." ಅವಳು ಕೊಟ್ಟ ಕಾಫಿ ಕುಡಿದು ಹೊರಟರು. ಕೆಲಸದ ಸುದ್ದಿ ಅವರು ಮತ್ತೆ ಎತ್ತಲಿಲ್ಲ.

ಅವರು ಹೋದ ಮೇಲೆ ಅವಳು ಮೆಟ್ಟಿಲ ಹತ್ತಿರ ಕಾಲು ತೊಳೆಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಕೇಳಿದೆ.

"ಹೆದ್ರಿಕೆ ಆಗ್ಲಿಲ್ವಾ?"

"ಇಲ್ಲಪ್ಪ. ಸಲೀಸಾಗಿ ಬಂದೆ. ಇಷ್ಟು ದಿನ ನಿಮ್ಮನ್ನೂ ಕರ್ಕೊಂಡು ಬರ್ಬೇಕಿತ್ತಲ್ಲ."

ಅವಳು ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು. ಅದಕ್ಕೇ ಹೆಚ್ಚು ತಾಗಿತು. ಹತ್ತು ವರ್ಷದ ಹತ್ತಿರ ನಾನು ಕಾಪಾಡಿದೆನೆಂದು ಬೀಗಿದ ದಾರಿ ಅದು.

"ಹಂಗಾದ್ರೆ ಕಣ್ಣು ಸರಿ ಆದ್ಮೇಲೂ ನಾನು ಬರೋದು ಬೇಡ್ವಾ?" ಎಂದೆ. ದನಿ ನನಗೇ ಬೇರೆಯವರದು ಎನ್ನಿಸಿತು.

ಅವಳು ಚೊಂಬು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ನನಗೆ ಪೂರ್ತಿ ಕಂಡಿತು. ದಣಿದಿತ್ತು.

"ಬೇಡ ಅಂದ್ನಾ? ಬನ್ನಿ," ಎಂದಳು. "ಬ್ಯಾಟ್ರಿ ಮಾತ್ರ ನನ್ನ ಕೈಲಿರ್ಲಿ."